ಎರಡು ವರ್ಷ ಆಂಕಿ ಬಳಸಿದ ಮೇಲೆ: ಇಂಗ್ಲಿಷ್ ಈಡಿಯಮ್ಮು, ಫ್ರೇಸಲ್ ವರ್ಬು, ನನ್ನ 640 ಕಾರ್ಡು

ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆ್ಯಪನ್ನು ಎರಡು ವರ್ಷದಿಂದ ಹೆಚ್ಚುಕಮ್ಮಿ ದಿನವೂ ಬಳಸುತ್ತಿದ್ದೇನೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್‌ಎಸ್‌ಸಿ) ನಡೆಸುವ ಸಿಜಿಎಲ್ ಪರೀಕ್ಷೆಗೆ ಓದುವಾಗ ಶುರು ಮಾಡಿದ್ದು. ಇಂಗ್ಲಿಷ್ ಈಡಿಯಮ್ಮು (ನುಡಿಗಟ್ಟು) ಮತ್ತು ಫ್ರೇಸಲ್ ವರ್ಬಿಗೆ ('ಪುಟ್ ಆಫ್' ಥರ ಕ್ರಿಯಾಪದಕ್ಕೆ ಚಿಕ್ಕ ಪದ ಸೇರಿ ಅರ್ಥ ಬದಲಾಗುವುದು) ಮಾತ್ರ ಬಳಸಿದ್ದೇನೆ. ಹಾಗಾಗಿ ಜಿಕೆಗೆ, ಗಣಿತಕ್ಕೆ ಇದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಸಿಜಿಎಲ್ ಮೊದಲ ಹಂತದಲ್ಲಿ 60 ನಿಮಿಷಕ್ಕೆ 100 ಪ್ರಶ್ನೆ. ಅದರಲ್ಲಿ ಇಂಗ್ಲಿಷಿಗೆ 25 ಪ್ರಶ್ನೆ, 50 ಅಂಕ. ಒಂದು ತಪ್ಪಿಗೆ ಅರ್ಧ ಅಂಕ ಹೋಗುತ್ತದೆ. ಎಸ್‌ಎಸ್‌ಸಿಯದೇ ಆದ ಎಂಟಿಎಸ್, ಸಿಎಚ್‌ಎಸ್‌ಎಲ್ ಪರೀಕ್ಷೆಗಳನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಆದರೆ ಅಲ್ಲೂ ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರುತ್ತದೆ, ತಪ್ಪಿಸಿಕೊಳ್ಳೋಕೆ ಆಗಲ್ಲ. ಈಡಿಯಮ್ಮಿನ ಮೇಲೆ ನೇರವಾಗಿ ಬರೋದು ಎರಡೋ ಮೂರೋ ಪ್ರಶ್ನೆ, ಅಷ್ಟೇ ತಾನೇ ಅಂತ ನಾನೂ ಅಂದುಕೊಂಡಿದ್ದೆ. ಫ್ರೇಸಲ್ ವರ್ಬು ಹಾಗಲ್ಲ. ತಪ್ಪು ಹುಡುಕುವ ಪ್ರಶ್ನೆಯಲ್ಲಿ, ಬಿಟ್ಟ ಸ್ಥಳ ತುಂಬುವಲ್ಲಿ, ಪ್ಯಾರಾದಲ್ಲಿ, ಎಲ್ಲ ಕಡೆ ಅಡಗಿ ಕೂತಿರುತ್ತದೆ.

ಆಂಕಿ ಮಾಡುವ ಕೆಲಸ ಸರಳ. ಕಾರ್ಡಿನ ಒಂದು ಕಡೆ ಪ್ರಶ್ನೆ, ಇನ್ನೊಂದು ಕಡೆ ಉತ್ತರ. ಉತ್ತರ ನೋಡಿದ ಮೇಲೆ ಅಗೇನ್, ಹಾರ್ಡ್, ಗುಡ್, ಈಸಿ ಅನ್ನೋ ನಾಲ್ಕು ಬಟನ್ನಿನಲ್ಲಿ ಒಂದನ್ನು ಒತ್ತಬೇಕು. ಗೊತ್ತಿದ್ದ ಕಾರ್ಡು ನಾಳೆ, ಆಮೇಲೆ ನಾಲ್ಕು ದಿನಕ್ಕೆ, ಹತ್ತು ದಿನಕ್ಕೆ, ತಿಂಗಳಿಗೆ, ಹೀಗೆ ದೂರ ದೂರ ಹೋಗುತ್ತದೆ. ಮರೆತಿದ್ದು ಅವತ್ತೇ ವಾಪಸ್ ಬರುತ್ತದೆ. ಆಂಕಿ ಅಂದರೆ ಜಪಾನೀಸಿನಲ್ಲಿ ಬಾಯಿಪಾಠ ಅಂತ. ಕಂಪ್ಯೂಟರಿಗೆ ಪುಕ್ಕಟೆ. ಆಂಡ್ರಾಯ್ಡಿಗೆ ಸ್ವಯಂಸೇವಕರು ಮಾಡಿರುವ ಆಂಕಿಡ್ರಾಯ್ಡ್ ಇದೆ, ಅದೂ ಪುಕ್ಕಟೆ. ಐಫೋನಿನದಕ್ಕೆ ಮಾತ್ರ ದುಡ್ಡು ಕೊಡಬೇಕು. ಕನ್ನಡ ಅಕ್ಷರ ಚೆನ್ನಾಗಿ ಕಾಣುತ್ತದೆ. ನೆಟ್ ಇಲ್ಲದೆಯೂ ನಡೆಯುತ್ತದೆ. ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮನೆಗೆ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿ ಇದು ನನಗೆ ತುಂಬಾ ದೊಡ್ಡ ಅನುಕೂಲ.

ಮೊದಲ ಮೂರು ತಿಂಗಳು ಮಾತ್ರ ಪೂರ್ತಿ ದಂಡವಾಯಿತು. ಯಾರೋ ಮಾಡಿ ಹಂಚಿದ್ದ ಮೂರು ಸಾವಿರ ಕಾರ್ಡಿನ ಡೆಕ್ ಇಳಿಸಿಕೊಂಡಿದ್ದೆ. ದಿನಕ್ಕೆ 20 ಹೊಸ ಕಾರ್ಡು ಅಂತ ಆ್ಯಪಿನಲ್ಲಿ ಮೊದಲೇ ಇರುತ್ತದೆ, ಅದನ್ನು ಬದಲಿಸಬೇಕು ಅಂತ ಹೊಳೆಯಲೇ ಇಲ್ಲ. ಒಂದು ತಿಂಗಳಲ್ಲಿ ದಿನಕ್ಕೆ ನೂರೈವತ್ತು ಹಳೆ ಕಾರ್ಡು ರಾಶಿ ಬೀಳೋಕೆ ಶುರುವಾಯಿತು. ಎರಡು ದಿನ ಬಿಟ್ಟರೆ ಮುನ್ನೂರು. ಅರ್ಥ ಕೂಡ ಒಂದೊಂದೇ ಪದದಲ್ಲಿ, ಇಂಗ್ಲಿಷಿನಲ್ಲೇ ಬರೆದಿದ್ದರು. 'ಪುಟ್ ಅಪ್ ವಿತ್' ಅಂದರೆ 'ಟಾಲರೇಟ್'. ಬಾಯಿಪಾಠ ಬರುತ್ತಿತ್ತು, ಪ್ರಶ್ನೆಪತ್ರಿಕೆಯಲ್ಲಿ ಕೈಕೊಡುತ್ತಿತ್ತು. ಕೊನೆಗೆ ಆ ಡೆಕ್ಕನ್ನೇ ಅಳಿಸಿ ಹಾಕಿದೆ.

ಒಂದು ಅಣಕು ಪರೀಕ್ಷೆಯಲ್ಲಿ ಆದ ತಪ್ಪು ನನಗೆ ದಾರಿ ತೋರಿಸಿತು. ಸಭೆಯನ್ನು ಮುಂದೂಡಿದರು ಅನ್ನೋ ಅರ್ಥಕ್ಕೆ ನಾನು 'ಪುಟ್ ಫಾರ್ವರ್ಡ್' ಗುರುತು ಹಾಕಿ ಬಂದಿದ್ದೆ. ಸರಿ ಉತ್ತರ 'ಪುಟ್ ಆಫ್'. ಯಾಕೆ ಹಾಗೆ ಮಾಡಿದೆ ಅಂತ ತುಂಬಾ ಹೊತ್ತು ಯೋಚಿಸಿದೆ. ಕನ್ನಡದಲ್ಲಿ ನಾವು 'ಮುಂದಕ್ಕೆ ಹಾಕಿದರು' ಅನ್ನುತ್ತೇವೆ ಅಲ್ವಾ? ತಲೆ ಅದನ್ನೇ ಇಂಗ್ಲಿಷಿಗೆ ತಿರುಗಿಸಿತ್ತು. ಆದರೆ 'ಪುಟ್ ಫಾರ್ವರ್ಡ್' ಅಂದರೆ ಒಂದು ಸಲಹೆಯನ್ನೋ ಪ್ರಸ್ತಾಪವನ್ನೋ ಮುಂದಿಡುವುದು. ನೋಡಿ, ಮುಂದಿಡುವುದು ಬೇರೆ, ಮುಂದಕ್ಕೆ ಹಾಕುವುದು ಬೇರೆ ಅಂತ ಕನ್ನಡದಲ್ಲಿ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದೇ ರಾತ್ರಿ ಎರಡನ್ನೂ ಕಾರ್ಡು ಮಾಡಿದೆ. ಹಿಂದುಗಡೆ ಈ ಎರಡು ಕನ್ನಡದ ಮಾತು ಬರೆದೆ. ಆಮೇಲೆ ಒಮ್ಮೆಯೂ ತಪ್ಪಿಲ್ಲ.

ನಮ್ಮ ಮಾತಿನಲ್ಲೂ ಇದೇ ಥರ ಎಷ್ಟಿದೆ! ಕೈಕೊಡು, ಕೈಬಿಡು, ಕೈಹಿಡಿ, ಕೈಯೆತ್ತು. ಕೈ ಒಂದೇ, ಪಕ್ಕದ ಪದ ಬದಲಾದರೆ ಅರ್ಥವೇ ಬೇರೆ. ಇಂಗ್ಲಿಷಿನ 'ಪುಟ್', 'ಬ್ರಿಂಗ್', 'ಟರ್ನ್' ಕೂಡ ಹಾಗೇ. ಅವತ್ತಿನಿಂದ ಪ್ರತಿ ಕಾರ್ಡಿಗೂ ಮನೆಯಲ್ಲಿ ಆಡುವ ಕನ್ನಡದ ಮಾತನ್ನೇ ಹುಡುಕಿದೆ. 'ಬ್ರಿಂಗ್ ಅಪ್'ಗೆ ಎರಡು ಕಾರ್ಡು: ಮಕ್ಕಳನ್ನು ಸಾಕು, ಮಾತು ಎತ್ತು. 'ಲೆಟ್ ಡೌನ್'ಗೆ ಕೈಕೊಡು. 'ಟರ್ನ್ ಡೌನ್'ಗೆ ಬೇಡ ಅನ್ನು. ಈಡಿಯಮ್ಮಿಗೆ ಹಿಂದಿನ ಕತೆ ಬೇಕು. 'ಕ್ಯಾರಿ ಕೋಲ್ಸ್ ಟು ನ್ಯೂಕ್ಯಾಸಲ್' ತಗೊಳ್ಳಿ. ನ್ಯೂಕ್ಯಾಸಲ್ ಕಲ್ಲಿದ್ದಲು ಹೊರಗೆ ಕಳಿಸುತ್ತಿದ್ದ ಇಂಗ್ಲೆಂಡಿನ ಊರು. ಅಲ್ಲಿಗೇ ಕಲ್ಲಿದ್ದಲು ಹೊತ್ತುಕೊಂಡು ಹೋದರೆ ಏನು ಪ್ರಯೋಜನ? ನನ್ನ ಕಾರ್ಡಿನಲ್ಲಿ 'ಶಿರಸಿಗೆ ಅಡಿಕೆ ಹೊತ್ತ ಹಾಗೆ' ಅಂತ ಬರೆದುಕೊಂಡೆ. 1815ರಲ್ಲಿ ನೆಪೋಲಿಯನ್ ಸೋತ ಜಾಗ ವಾಟರ್ಲೂ ಅಂತ ಗೊತ್ತಿದ್ದರೆ 'ಮೀಟ್ ಒನ್ಸ್ ವಾಟರ್ಲೂ' (ಕೊನೆಗೆ ಸೋತು ಹೋಗು) ಉರು ಹೊಡೆಯೋದೇ ಬೇಡ. 'ಕ್ರಾಕಡೈಲ್ ಟಿಯರ್ಸ್', 'ವೈಟ್ ಎಲಿಫೆಂಟ್', 'ರೆಡ್ ಟೇಪ್' ಅಂಥವು ಮೊಸಳೆ ಕಣ್ಣೀರು, ಬಿಳಿ ಆನೆ, ಕೆಂಪುಪಟ್ಟಿ ಅಂತ ಕನ್ನಡ ಪೇಪರಿನಲ್ಲೇ ಸಿಗುತ್ತವೆ. ಅವಕ್ಕೆ ಕಾರ್ಡು ಮಾಡಿ ಸುಮ್ನೆ ಟೈಮ್ ಹಾಳು ಮಾಡಬೇಡಿ.

ಇದರಲ್ಲಿ ನನಗೆ ಬಹಳ ಇಷ್ಟವಾದ ವ್ಯವಸ್ಥೆ ಒಂದಿದೆ. ಕಲಿತಿದ್ದ ಒಂದು ಕಾರ್ಡನ್ನು ಎಂಟು ಸಲ ಮರೆತರೆ ಆಂಕಿ ಅದಕ್ಕೆ 'ಲೀಚ್' ಅಂತ ಗುರುತು ಹಾಕುತ್ತದೆ. ಅಂದರೆ ಜಿಗಣೆ, ನಮ್ಮ ಕಡೆಯ ಮಾತಲ್ಲಿ ಇಂಬಳ. ನಿಜವಾಗಲೂ ಅಂಥ ಕಾರ್ಡು ರಕ್ತ ಹೀರುತ್ತದೆ. ನನಗೆ ಹಾಗೆ ಅಂಟಿಕೊಂಡಿದ್ದು 'ಪುಟ್ ಅಪ್ ವಿತ್'. ಸಹಿಸು ಅಂತ ಬರೆದೆ, ತಾಳಿಕೋ ಅಂತ ಬರೆದೆ, ಯಾವುದೂ ನಿಲ್ಲಲಿಲ್ಲ. ಒಂದು ಸಂಜೆ ಅಮ್ಮ ಕೊಟ್ಟಿಗೆಯಿಂದ ಖಾಲಿ ತಂಬಿಗೆ ಹಿಡಿದು ಬಂದರು. ಹಸು ಒದ್ದು ಹಾಲೆಲ್ಲ ಚೆಲ್ಲಿತ್ತು. 'ಇದರ ಜೊತೆ ಏಗಿ ಏಗಿ ಸಾಕಾಯ್ತು ಮಾರಾಯ' ಅಂದರು. ಏಗು! 'ಜೊತೆ ಏಗು' ಅನ್ನೋದರಲ್ಲಿ ಆ 'ವಿತ್' ಕೂಡ ಇದೆ. ಕೈ ತೊಳೆಯೋದರೊಳಗೆ ಕಾರ್ಡು ತಿದ್ದಿದೆ. ಕಾರ್ಡಿನ ಮುಂದುಗಡೆ ಆ ಹಸುವಿನ ಹೆಸರನ್ನೂ ಸೇರಿಸಿ ಒಂದು ಇಂಗ್ಲಿಷ್ ವಾಕ್ಯ ಮಾಡಿ ಹಾಕಿದೆ.

ವಾಕ್ಯ ಇರಲೇಬೇಕು. ಅರ್ಥ ಮಾತ್ರ ಗೊತ್ತಿದ್ದರೆ ತಪ್ಪು ಹುಡುಕುವ ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತೀರಿ. 'ಪುಟ್ ಇಟ್ ಆಫ್' ಸರಿ, 'ಪುಟ್ ಆಫ್ ಇಟ್' ತಪ್ಪು. ಆದರೆ 'ಲುಕ್ ಆಫ್ಟರ್ ಹರ್' ಸರಿ, 'ಲುಕ್ ಹರ್ ಆಫ್ಟರ್' ತಪ್ಪು. ಇದನ್ನು ನಿಯಮದಿಂದ ಕಲಿಯೋದಕ್ಕಿಂತ ವಾಕ್ಯದಲ್ಲಿ ಒಂದು ಪದ ಮುಚ್ಚಿಟ್ಟು ಕಲಿಯೋದು ಸುಲಭ. ಅದಕ್ಕೆ ಆಂಕಿಯಲ್ಲಿ ಕ್ಲೋಜ್ ಅನ್ನೋ ಕಾರ್ಡು ಇದೆ. ನನ್ನ ಕಾರ್ಡಿನಲ್ಲಿ ಅರ್ಧಕ್ಕೂ ಹೆಚ್ಚು ಅವೇ.

ಈಗ ದಿನಕ್ಕೆ ಹೆಚ್ಚೆಂದರೆ ಐದು ಹೊಸ ಕಾರ್ಡು, ಎಲ್ಲ ಸೇರಿ ಹತ್ತು ಹನ್ನೆರಡು ನಿಮಿಷ. ಬೆಳಗ್ಗೆ ಬಸ್ಸಿನಲ್ಲೇ ಮುಗಿಯುತ್ತದೆ. ಉತ್ತರವನ್ನು ಬಾಯಲ್ಲಿ ಹೇಳಿಯೇ ಕಾರ್ಡು ತಿರುಗಿಸುತ್ತೇನೆ. 'ಹಾಂ, ಗೊತ್ತಿತ್ತು' ಅಂತ ಸಮಾಧಾನ ಮಾಡಿಕೊಂಡು ಗುಡ್ ಒತ್ತಿದರೆ ಎಲ್ಲ ಲೆಕ್ಕ ತಪ್ಪುತ್ತದೆ. ಮೊಬೈಲು, ಕಂಪ್ಯೂಟರು ಎರಡರಲ್ಲೂ ಬಳಸುವವರು ಸಿಂಕ್ ಮಾಡುವಾಗ ಯಾವ ಕಡೆಯ ಕಾರ್ಡು ಉಳಿಸಿಕೊಳ್ಳಲಿ ಅಂತ ಆ್ಯಪು ಕೇಳಿದರೆ ನಿಧಾನವಾಗಿ ಓದಿ ಒತ್ತಿ.

ಪರೀಕ್ಷೆಗೆ ಇನ್ನು ಒಂದೇ ತಿಂಗಳು ಇದೆ ಅನ್ನುವವರಿಗೆ ಇದನ್ನು ಹೇಳಲಾರೆ. ಅವರು ಹಳೆ ಪ್ರಶ್ನೆಪತ್ರಿಕೆ ಬಿಡಿಸೋದೇ ಒಳ್ಳೆಯದು. ಆರು ತಿಂಗಳು ಕೈಯಲ್ಲಿದ್ದರೆ ಇವತ್ತೇ ಶುರು ಮಾಡಿ. ಡೆಕ್ ಇಳಿಸಿಕೊಳ್ಳಬೇಡಿ, ಅಣಕು ಪರೀಕ್ಷೆಯಲ್ಲಿ ನೀವು ತಪ್ಪು ಮಾಡಿದ್ದನ್ನೇ ಕಾರ್ಡು ಮಾಡಿ. ನನ್ನವು 640 ಆಗಿವೆ. 'ಏಗು' ಕಾರ್ಡು ಹೋದ ವಾರ ಬಂದಿತ್ತು, ಗುಡ್ ಒತ್ತಿದೆ. ಇನ್ನು ಅದು ಬರೋದು ಹನ್ನೊಂದು ತಿಂಗಳಿಗೆ.