ಪಿಂಪಲ್, ಪಿಎಚ್‌ಪಿ-ಡಿಐ, ಸಿಂಫೊನಿ: ಸರ್ವಿಸ್ ಒಂದೇ, ಕಂಟೇನರ್ ಮೂರು

ಪಿಎಚ್‌ಪಿ ಭಾಷೆಯಲ್ಲಿ ಒಂದು ಕ್ಲಾಸ್‌ಗೆ ಬೇಕಾದ ಬೇರೆ ಆಬ್ಜೆಕ್ಟ್‌ಗಳನ್ನು ಜೋಡಿಸಿ ಕೊಡುವ ಸಾಧನವೇ ಕಂಟೇನರ್; ಅದು ಕೊಡುವ ಆಬ್ಜೆಕ್ಟ್ ಸರ್ವಿಸ್. ಪಿಂಪಲ್, ಪಿಎಚ್‌ಪಿ-ಡಿಐ ಮತ್ತು ಸಿಂಫೊನಿ ಫ್ರೇಮ್‌ವರ್ಕ್‌ನ ಕಂಟೇನರ್, ಈ ಮೂರನ್ನು ಹೋಲಿಸಲು ಪರೀಕ್ಷೆಗೆ ಹಿಡಿದದ್ದು ಬಿಲ್ ಕಳಿಸುವ ಒಂದು ಚಿಕ್ಕ ಕ್ಲಾಸ್. ಅದರ ಕನ್‌ಸ್ಟ್ರಕ್ಟರ್ ಎರಡು ವಸ್ತು ಕೇಳುತ್ತದೆ: ಲಾಗರ್ ಇಂಟರ್‌ಫೇಸ್, ಮೇಲ್ ಸರ್ವರ್‌ನ ಹೆಸರಿರುವ ಸ್ಟ್ರಿಂಗ್. ಕಂಟೇನರ್‌ಗಳ ಬಣ್ಣ ಬಯಲಾಗುವುದು ಆ ಸ್ಟ್ರಿಂಗ್‌ನಲ್ಲೇ.

ಪಿಂಪಲ್‌ನಲ್ಲಿ ಅರೇ ಕೀಗೆ ಒಂದು ಕ್ಲೋಶರ್ (ಹೆಸರಿಲ್ಲದ ಫಂಕ್ಷನ್) ಕೊಟ್ಟರೆ ನೋಂದಣಿ ಮುಗಿಯಿತು. 3ನೇ ಆವೃತ್ತಿಯಲ್ಲಿ ಎಷ್ಟು ಸಲ ಕೇಳಿದರೂ ಅದೇ ಆಬ್ಜೆಕ್ಟ್. ಪ್ರತಿ ಸಲ ಹೊಸದು ಬೇಕಾದರೆ ಫ್ಯಾಕ್ಟರಿ ಮೆಥಡ್‌ನಲ್ಲಿ ಸುತ್ತಬೇಕು. ಸ್ಟ್ರಿಂಗ್ ಇನ್ನೊಂದು ಕೀ, ಅಷ್ಟೇ. ಆದರೆ ಕೀ ತಪ್ಪಾಗಿ ಟೈಪ್ ಮಾಡಿದ್ದು ಆ ಸಾಲು ಓಡುವವರೆಗೂ ತಿಳಿಯದು. ಒಮ್ಮೆ ಬಳಸಿದ ಸರ್ವಿಸ್ ಫ್ರೀಜ್ ಆಗುವುದರಿಂದ (ಮತ್ತೆ ಬದಲಾಯಿಸಲು ಬಿಡದು), ಟೆಸ್ಟ್‌ನಲ್ಲಿ ನಕಲಿ ಮೇಲರ್ ಹಾಕುವುದಿದ್ದರೆ ಮೊದಲ ಬಳಕೆಗೂ ಮುಂಚೆಯೇ ಹಾಕಬೇಕು.

ಪಿಎಚ್‌ಪಿ-ಡಿಐ ಟೈಪ್ ನೋಡಿ ತಾನೇ ಜೋಡಿಸುತ್ತದೆ. ಇಂಟರ್‌ಫೇಸ್‌ಗೆ ಯಾವ ಕ್ಲಾಸ್ ಎಂದು ಡೆಫಿನಿಶನ್ ಬರೆಯಲೇಬೇಕು. ಸ್ಟ್ರಿಂಗನ್ನು ಅದು ಊಹಿಸಲಾರದು, ಪ್ಯಾರಾಮೀಟರ್‌ನ ಹೆಸರು ಹಿಡಿದು ನಾವೇ ಕೊಡಬೇಕು. ‘ಗೆಟ್’ ಅಂದರೆ ಹಳೆಯದೇ, ‘ಮೇಕ್’ ಅಂದರೆ ಹೊಸದು. ಪ್ರೊಡಕ್ಷನ್‌ನಲ್ಲಿ ಕಂಪೈಲೇಶನ್ (ಡೆಫಿನಿಶನ್‌ಗಳನ್ನು ಮೊದಲೇ ಒಂದು ಫೈಲ್ ಆಗಿ ಸಿದ್ಧಪಡಿಸುವುದು) ಆನ್ ಮಾಡಿದ್ದರೆ ಪ್ರತಿ ಡಿಪ್ಲಾಯ್‌ಗೂ ಹಳೆಯ ಕಂಪೈಲ್ ಆದ ಫೈಲ್ ಅಳಿಸಿ. ಇಲ್ಲದಿದ್ದರೆ ಡೆಫಿನಿಶನ್ ಬದಲಾಯಿಸಿದರೂ ಕಂಟೇನರ್ ಹಳೇ ಪಾಠವನ್ನೇ ಒಪ್ಪಿಸುತ್ತಿರುತ್ತದೆ, ಎರರ್ ಕೂಡ ಬರುವುದಿಲ್ಲ.

ಸಿಂಫೊನಿಯದ್ದು ಬೇರೆಯೇ ಶಿಸ್ತು. ಹೊಸ ಪ್ರಾಜೆಕ್ಟ್‌ನ ಸರ್ವಿಸಸ್ ಯಾಮಲ್ ಫೈಲ್‌ನಲ್ಲಿ ಆಟೋವೈರ್ (ಟೈಪ್ ನೋಡಿ ತಾನೇ ಜೋಡಿಸುವುದು) ಮೊದಲೇ ಆನ್ ಇರುತ್ತದೆ, ಸೋರ್ಸ್ ಫೋಲ್ಡರ್‌ನ ಕ್ಲಾಸ್‌ಗಳು ತಾವಾಗಿಯೇ ಸೇರುತ್ತವೆ. ಸ್ಟ್ರಿಂಗ್‌ಗೆ ಅದೇ ಫೈಲ್‌ನಲ್ಲಿ ಪ್ಯಾರಾಮೀಟರ್‌ನ ಹೆಸರು ಹಿಡಿದು ಕೊಡುವ ‘ಬೈಂಡ್’ ಇದೆ, 6.1ರಿಂದ ಪ್ಯಾರಾಮೀಟರ್ ಮೇಲೆಯೇ ಆಟೋವೈರ್ ಆಟ್ರಿಬ್ಯೂಟ್ ಹಾಕಬಹುದು. ಅದನ್ನು ಮರೆತರೆ ಕಂಟೇನರ್ ಕಂಪೈಲ್ ಆಗುವಾಗಲೇ, ಯಾವ ಆರ್ಗ್ಯುಮೆಂಟ್ ಎಂದು ಹೆಸರಿಟ್ಟು ದೂರು ಬರುತ್ತದೆ. ದೊಡ್ಡ ತಂಡಕ್ಕೆ ಇದೊಂದೇ ಸಾಕು, ನನ್ನ ಮತ ಸಿಂಫೊನಿಗೆ. ಐದಾರು ಸರ್ವಿಸ್‌ಗಳ ಸ್ಕ್ರಿಪ್ಟ್‌ಗೆ ಮಾತ್ರ ಪಿಂಪಲ್ ಸಾಕು. ಅಲ್ಲಿ ಯಾಮಲ್ ಬರೆಯುವುದು ದಂಡ.

ಸಿಂಫೊನಿಯಲ್ಲಿ ಹೊಸಬರು ಎಡವುವುದು ಸರ್ವಿಸ್ ಪಡೆಯುವಾಗ. 4.0ರಿಂದ ಸರ್ವಿಸ್‌ಗಳು ಹೇಳದಿದ್ದರೆ ಪ್ರೈವೇಟ್. ಕಂಟೇನರ್‌ನಿಂದ ನೇರ ‘ಗೆಟ್’ ಮಾಡಿದರೆ ‘ತೆಗೆದುಹಾಕಲಾಗಿದೆ ಅಥವಾ ಇನ್‌ಲೈನ್ ಆಗಿದೆ’ ಎಂಬರ್ಥದ ಎರರ್. ತಕ್ಷಣ ಪಬ್ಲಿಕ್ ಮಾಡಲು ಹೋಗಬೇಡಿ; ಬೇಕಾದ ಕ್ಲಾಸ್‌ನ ಕನ್‌ಸ್ಟ್ರಕ್ಟರ್‌ನಲ್ಲಿ ಟೈಪ್ ಬರೆದು ಕೇಳಿ. ಟೆಸ್ಟ್‌ಗಳಿಗೆ ಪ್ರೈವೇಟ್ ಸರ್ವಿಸ್ ಕೊಡುವ ವಿಶೇಷ ಕಂಟೇನರ್ ಇದೆ. ಅಲ್ಲೂ ಸಿಗದಿದ್ದರೆ ಆ ಸರ್ವಿಸನ್ನು ಆ್ಯಪ್‌ನಲ್ಲಿ ಇನ್ನೂ ಯಾರೂ ಬಳಸುತ್ತಿಲ್ಲವೇ ಎಂದು ನೋಡಿ: ಬಳಕೆಯಿಲ್ಲದ ಪ್ರೈವೇಟ್ ಸರ್ವಿಸನ್ನು ಕಂಪೈಲರ್ ಕಿತ್ತುಹಾಕುತ್ತದೆ.