ಎದೆಯಲ್ಲಿ ಗಂಟು ಸಿಕ್ಕಿದ ಮೇಲೆ ಹೆಲ್ತ್ ಪ್ಯಾಕೇಜ್ ನಂಬಿ ಕೂರಬೇಡಿ

ನನ್ನ ಅಕ್ಕನಿಗೆ 51 ವರ್ಷ. ಹೋದ ವರ್ಷ ದೀಪಾವಳಿಯ ಎಣ್ಣೆ ಸ್ನಾನದ ದಿನ ಎಡಗಡೆ ಎದೆಯಲ್ಲಿ, ಕಂಕುಳ ಹತ್ತಿರ, ಕಡಲೆಕಾಳಿನಷ್ಟು ಗಂಟು ಅವಳ ಕೈಗೆ ಸಿಕ್ಕಿತು. ನೋವಿರಲಿಲ್ಲ. ಡಾಕ್ಟರ ಹತ್ತಿರ ಹೇಳಿಕೊಳ್ಳಲು ಸಂಕೋಚ. ಹೆಲ್ತ್ ಚೆಕಪ್ ಪ್ಯಾಕೇಜ್ ನಾನೇ ಬುಕ್ ಮಾಡಿದೆ, ಅದರಲ್ಲಿ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಇತ್ತು. ಅಲ್ಲಿ ಯಾರೂ ಏನಾದರೂ ತೊಂದರೆ ಇದೆಯಾ ಅಂತ ಕೇಳಲಿಲ್ಲ, ಮುಟ್ಟಿ ನೋಡಲಿಲ್ಲ. ಅಕ್ಕನೂ ಬಾಯಿ ಬಿಡಲಿಲ್ಲ. ಎರಡು ದಿನ ಬಿಟ್ಟು ಮೊಬೈಲಿಗೆ ರಿಪೋರ್ಟ್ ಬಂತು: ನಾರ್ಮಲ್. ಅದರ ಕೆಳಗೆ ಸ್ತನದ ಅಂಗಾಂಶ ದಟ್ಟವಾಗಿದೆ ಅಂತ ಒಂದು ಸಾಲಿತ್ತು. ನಾವು ಅದಕ್ಕೆ ಗಮನ ಕೊಡಲಿಲ್ಲ.

ಏಳು ತಿಂಗಳು ಸುಮ್ನೆ ಕೂತೆವು. ಗಂಟು ನೆಲ್ಲಿಕಾಯಿ ಗಾತ್ರಕ್ಕೆ ಬಂದ ಮೇಲೆ ಸರ್ಜನ್ ಹತ್ತಿರ ಓಡಿದೆವು. ಅಲ್ಟ್ರಾಸೌಂಡ್ ಆಯಿತು, ಬಯಾಪ್ಸಿ ಆಯಿತು. ಕ್ಯಾನ್ಸರ್. ಕಂಕುಳಿಗೂ ಹಬ್ಬಿತ್ತು.

ಮ್ಯಾಮೊಗ್ರಾಮ್‌ನಲ್ಲಿ ದಟ್ಟ ಅಂಗಾಂಶವೂ ಬೆಳ್ಳಗೆ ಕಾಣುತ್ತದೆ, ಗೆಡ್ಡೆಯೂ ಬೆಳ್ಳಗೆ. ಒಂದರಲ್ಲಿ ಇನ್ನೊಂದು ಅಡಗಿಬಿಡುತ್ತದೆ. ಒಟ್ಟಾರೆ ಸುಮಾರು 8 ಸ್ತನ ಕ್ಯಾನ್ಸರ್‌ಗಳಲ್ಲಿ ಒಂದು ಮ್ಯಾಮೊಗ್ರಾಮ್‌ಗೆ ಸಿಗುವುದಿಲ್ಲ.

ಸ್ಕ್ರೀನಿಂಗ್, ಅಂದರೆ ಲಕ್ಷಣ ಕಾಣುವ ಮೊದಲೇ ಮಾಡಿಸುವ ತಪಾಸಣೆ, ಬೇಡ ಅಂತ ನಾನು ಹೇಳುತ್ತಿಲ್ಲ. ಅದರಿಂದ ಜೀವ ಉಳಿದವರಿದ್ದಾರೆ. ಯಾವ ವಯಸ್ಸಿಗೆ ಶುರು ಮಾಡಬೇಕು ಅನ್ನುವುದರಲ್ಲಿ ಮಾತ್ರ ಒಮ್ಮತವಿಲ್ಲ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದಲೇ ಎರಡು ವರ್ಷಕ್ಕೊಮ್ಮೆ ಅಂದಿತು. ಬ್ರಿಟನ್ನಿನಲ್ಲಿ 50ರ ನಂತರ, ಮೂರು ವರ್ಷಕ್ಕೊಮ್ಮೆ. ಜಾಸ್ತಿ ಹುಡುಕಿದರೆ ಇಲ್ಲದ ಕಾಯಿಲೆಯ ಹೆದರಿಕೆಯೂ ಜಾಸ್ತಿ, ಎಂದೂ ತೊಂದರೆ ಕೊಡದಿದ್ದ ಗೆಡ್ಡೆಗೂ ಆಪರೇಷನ್ ಆಗಿಬಿಡಬಹುದು. ಆದರೆ ಈ ಚರ್ಚೆಯೆಲ್ಲ ಯಾವ ಲಕ್ಷಣವೂ ಇಲ್ಲದ ಹೆಂಗಸರದ್ದು. ನಮ್ಮಕ್ಕನಿಗೆ ಆಗಲೇ ಗಂಟು ಸಿಕ್ಕಿತ್ತು, ಅಲ್ವಾ? ಅವಳಿಗೆ ಬೇಕಿದ್ದದ್ದು ಗಂಟು ಏನೆಂದು ಪತ್ತೆ ಮಾಡುವ ಡಾಕ್ಟರು. ಈ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ.

ಕೈಯಿಂದ ಮುಟ್ಟಿ ನೋಡುವುದನ್ನು ಹಗುರವಾಗಿ ಕಾಣಬೇಡಿ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿ ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದರು. ಒಂದು ಗುಂಪಿಗೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷೆ ಮಾಡಿದರು. ಆ ಗುಂಪಿನಲ್ಲಿ 50 ದಾಟಿದವರ ಸ್ತನ ಕ್ಯಾನ್ಸರ್ ಸಾವು ಶೇ. 30ರ ಹತ್ತಿರ ಇಳಿಯಿತು. ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಗಂಟು, ಚರ್ಮದಲ್ಲಿ ಗುಳಿ, ತೊಟ್ಟಿನಿಂದ ರಕ್ತ, ಇದರಲ್ಲಿ ಯಾವುದು ಕಂಡರೂ ನೇರ ಸರ್ಜನ್ ಹತ್ತಿರ ಹೋಗಿ. "ರಿಪೋರ್ಟ್ ನಾರ್ಮಲ್ ಇದೆಯಮ್ಮಾ" ಅಂದರೆ, "ಗಂಟು ಇನ್ನೂ ಇದೆ ಡಾಕ್ಟ್ರೇ, ಒಂದ್ಸಲ ಮುಟ್ಟಿ ನೋಡಿ" ಅನ್ನಿ. ಅಕ್ಕನಿಗೆ ಮೊನ್ನೆ ನಾಲ್ಕನೇ ಕೀಮೊ ಆಯಿತು. ಇದನ್ನು ಬರಿ ಅಂದವಳು ಅವಳೇ.