ತೊಟ್ಟಿಕ್ಕುವ ದಾರ, ತೊಟ್ಟಿಕ್ಕದ ಸೀಲು: ಶಿಂಷಾ ದಂಡೆಯ ಎರಡು ಪಂಪ್‌ಸೆಟ್ಟು

ನಮ್ಮ ಗದ್ದೆ ಇರೋದು ಮದ್ದೂರು ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ. ಕೆಆರ್‌ಎಸ್ 124.80 ಅಡಿ ತುಂಬಿದ ವರ್ಷವೂ, ಸರದಿಯಲ್ಲಿ ಬಿಟ್ಟು ನಿಲ್ಲಿಸುವ ಕಟ್ಟು ನೀರಿನ ಲೆಕ್ಕದಲ್ಲಿ ನಮ್ಮ ತೂಬಿಗೆ ಬರುವ ಹೊತ್ತಿಗೆ ನೀರು ಪಾದ ನೆನೆಯುವಷ್ಟೇ. ಹಾಗಾಗಿ ಶಿಂಷಾ ದಂಡೆಯಲ್ಲಿ ನನ್ನದೊಂದು 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ಟು, ಹತ್ತು ಮಾರು ಆಚೆ ನಮ್ಮಣ್ಣನದೊಂದು. ಇಂಜಿನ್ನು ಒಂದೇ ನಮೂನೆ, ನೀರು ಒಂದೇ ಹೊಳೆಯದು. ವ್ಯತ್ಯಾಸ ಇರೋದು ಎರಡೇ ಕಡೆ. ನನ್ನ ಪಂಪಿನ ಶಾಫ್ಟಿಗೆ ಗ್ಲ್ಯಾಂಡ್ ದಾರ, ಅವನದಕ್ಕೆ ಮೆಕ್ಯಾನಿಕಲ್ ಸೀಲು. ನನ್ನ ಇಂಜಿನ್ನು ತಣ್ಣಗಾಗೋದು ಹೊಳೆ ನೀರಲ್ಲಿ, ಅವನದು ಡ್ರಮ್ಮಿನ ನೀರಲ್ಲಿ. ಮೂರು ವರ್ಷ ಎರಡನ್ನೂ ನೋಡಿದ್ದೀನಿ, ಎರಡನ್ನೂ ಬಿಚ್ಚಿದ್ದೀನಿ.

ಮೊದಲು ದಾರ. ಶಾಫ್ಟು ಪಂಪಿನೊಳಗೆ ಹೋಗುವ ಜಾಗದಲ್ಲಿ ಸುತ್ತಲೂ ತುರುಕುವ ಚೌಕ ಹೆಣಿಗೆಯ ಹಗ್ಗ ಅದು. ಕೆಲಸ ಮಾಡುವಾಗ ಅದು ತೊಟ್ಟಿಕ್ಕಲೇಬೇಕು. ಆ ತೊಟ್ಟೇ ದಾರಕ್ಕೂ ಶಾಫ್ಟಿಗೂ ಎಣ್ಣೆ ಇದ್ದ ಹಾಗೆ, ಬಿಸಿ ಹೊತ್ತುಕೊಂಡು ಹೋಗೋದೂ ಅದೇ. ಮೊದಲನೇ ವರ್ಷ ನನಗಿದು ಗೊತ್ತಿರಲಿಲ್ಲ. ನೀರು ಸೋರೋದು ಕಂಡರೆ ಕೈ ಸುಮ್ಮನಿರುತ್ತಾ? ಸ್ಪ್ಯಾನರ್ ಹಾಕಿ ದಾರ ಒತ್ತಿ ಹಿಡಿಯುವ ಎರಡೂ ನಟ್ಟು ಬಿಗಿದೆ, ಒಂದು ಹನಿ ಬೀಳದ ಹಾಗೆ. ಅರ್ಧ ಗಂಟೆಗೆ ಸುಟ್ಟ ವಾಸನೆ. ಬಿಚ್ಚಿ ನೋಡಿದರೆ ದಾರ ಇದ್ದಿಲಾಗಿತ್ತು, ಶಾಫ್ಟಿಗೆ ತೊಡಿಸಿದ ಹಿತ್ತಾಳೆ ಕೊಳವೆ, ಅಂದರೆ ಸ್ಲೀವಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಗೀರು. ಮಂಡ್ಯದ ಲೇತ್ ಅಂಗಡಿಯಲ್ಲಿ ಹೊಸ ಸ್ಲೀವ್ ಮಾಡಿಸುವಾಗ ಅಲ್ಲಿನ ಯಜಮಾನರು, "ಅದ್ಯಾಕಂಗ್ ಬಿಗಿದ್ರಿ? ಅದು ಅಳ್ತಾ ಇರ್‌ಬೇಕು ಕಣ್ರೀ, ಅತ್ರೇನೇ ಚೆಂದ" ಅಂದರು.

ಈಗ ಮಾಡೋದು ಹೀಗೆ. ತುದಿ ಬಗ್ಗಿಸಿದ ಸೈಕಲ್ ಕಡ್ಡಿಯಲ್ಲಿ ಹಳೇ ದಾರವನ್ನು ಪೂರ್ತಿ ಎಳೆದು ಹಾಕ್ತೀನಿ. ಹಳೇದರ ಮೇಲೆ ಹೊಸದನ್ನು ತುರುಕೋದು ಸೋಮಾರಿ ಕೆಲಸ. ಶಾಫ್ಟಿನಷ್ಟೇ ದಪ್ಪದ ಪೈಪ್ ತುಂಡಿಗೆ ಹೊಸ ದಾರ ಸುತ್ತಿ, ಬ್ಲೇಡಿನಲ್ಲಿ ಓರೆಯಾಗಿ ಕೊಯ್ದು ಬಳೆ ಮಾಡ್ಕೋತೀನಿ. ಒಂದೊಂದೇ ಬಳೆ ಕೂರಿಸುವಾಗ ಕೂಡುವ ಬಾಯಿ ಒಂದರ ಹಿಂದೆ ಒಂದು ಬರಬಾರದು, ಬಂದರೆ ನೀರಿಗೆ ಅದೇ ಹಾದಿ. ನಟ್ಟು ಮೊದಲು ಬೆರಳಲ್ಲಿ ಮಾತ್ರ. ಇಂಜಿನ್ ಓಡುತ್ತಿರುವಾಗ ಎರಡೂ ಕಡೆ ಸಮವಾಗಿ ಚೂರು ಚೂರೇ ಬಿಗಿದು, ನಿಮಿಷಕ್ಕೆ ಮೂವತ್ತು ನಲವತ್ತು ತೊಟ್ಟಿಗೆ ನಿಲ್ಲಿಸ್ತೀನಿ. ತೀರಾ ಸಡಿಲ ಬಿಟ್ಟರೆ ಇನ್ನೊಂದು ಪಜೀತಿ: ನೀರು ಮೇಲೆಳೆಯುವ ಪಂಪಾದ್ದರಿಂದ ಅದೇ ಸಂದಿಯಲ್ಲಿ ಗಾಳಿ ನುಗ್ಗುತ್ತೆ, ಹಿಡಿದ ನೀರು ಬಿಟ್ಟುಹೋಗುತ್ತೆ. ಜನ ಸುಮ್ಮನೆ ಹೊಳೆಯೊಳಗಿನ ಪೈಪ್ ತುದಿಯ ಫುಟ್‌ವಾಲ್ವ್ ಬೈಕೊಂಡು ಹೊಳೆಗೆ ಇಳೀತಾರೆ.

ದಾರದಲ್ಲೂ ಜಾತಿ ಇದೆ. ಹತ್ತಿ ನೂಲಿಗೆ ಕೊಬ್ಬು ಹಚ್ಚಿದ್ದು ಬೇಗ ಕೊಳೆಯುತ್ತೆ. ಹಳೇ ಕಾಲದ ಆಸ್ಬೆಸ್ಟಾಸ್ ದಾರ ಕೊಟ್ಟರೆ ಬೇಡ ಅನ್ನಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ. ಬಿಳೀ ಟೆಫ್ಲಾನ್ ದಾರ ಕೊಳೆಯಲ್ಲ, ಆದರೆ ಬಿಸಿಯನ್ನು ಆಚೆ ಬಿಡಲ್ಲ, ಚೂರು ಜಾಸ್ತಿ ಬಿಗಿದರೂ ಶಾಫ್ಟು ಕಾಯುತ್ತೆ. ಗ್ರಾಫೈಟ್ ದಾರ ಕೈಯೆಲ್ಲ ಕರಿ ಮಾಡಿದರೂ ನನಗೆ ಒಗ್ಗಿದ್ದು ಅದೇ. ಅದಕ್ಕೂ ಒಂದು ಕೆಟ್ಟ ಗುಣ ಉಂಟು. ಕೆಲಸವಿಲ್ಲದೆ ಒದ್ದೆಯಾಗೇ ತಿಂಗಳುಗಟ್ಟಲೆ ನಿಂತರೆ ಲೋಹದ ಮೇಲೆ ಸಣ್ಣ ಸಣ್ಣ ಗುಳಿ ಬೀಳಿಸುತ್ತೆ. ಅದಕ್ಕೇ ಪಂಪು ನಿಲ್ಲಿಸುವ ತಿಂಗಳಲ್ಲಿ ದಾರ ತೆಗೆದು, ಒರೆಸಿ, ಗ್ರೀಸ್ ಬಳಿದಿಡ್ತೀನಿ.

ಇನ್ನು ಅಣ್ಣನ ಸೀಲು. ಒಂದು ಕಾರ್ಬನ್ ಬಳೆ, ಒಂದು ಸೆರಾಮಿಕ್ ಬಳೆ, ಒತ್ತಿ ಹಿಡಿಯೋಕೆ ಸ್ಪ್ರಿಂಗು. ಎರಡೂ ಮುಖ ಕನ್ನಡಿಯ ಹಾಗೆ ನುಣುಪು, ಕೂರಿಸುವಾಗ ಬೆರಳು ತಾಗಿಸಬಾರದು. ಮೊದಲ ಬೆಳೆ ಪೂರ್ತಿ ಒಂದು ತೊಟ್ಟು ಬೀಳಲಿಲ್ಲ. ನನ್ನ ಪಂಪಿನ ಕೆಳಗಿನ ಕೆಸರು ನೋಡಿ, "ಏನ್ಲಾ, ಪಂಪಿನ್ ಕೆಳ್ಗೂ ನಾಟಿ ಮಾಡಿದೀಯ?" ಅಂತ ರೇಗಿಸಿದ್ದೂ ಆಯ್ತು.

ಎರಡನೇ ವರ್ಷ, ಭತ್ತ ಹೊಡೆ ಕಟ್ಟುವ ಹೊತ್ತು. ಫುಟ್‌ವಾಲ್ವ್ ಜಾಲರಿಗೆ ಪ್ಲಾಸ್ಟಿಕ್ ಕವರ್ ಮೆತ್ತಿಕೊಂಡು ನೀರು ನಿಂತಿದೆ, ಅಣ್ಣ ಕಾಫಿಗೆ ಹೋಗಿದ್ದಾನೆ, ಪಂಪು ಒಣಗಿಯೇ ಓಡಿದೆ. ವಾಪಸ್ ಬಂದವನು ಕವರ್ ಕಿತ್ತು, ನೀರು ತುಂಬಿಸಿ, ಹ್ಯಾಂಡಲ್ ಹೊಡೆದ. ಸೆರಾಮಿಕ್ ಆಗಲೇ ಸೀಳಿತ್ತು. ನೀರು ಬೀಸಣಿಗೆ ಥರ ಎರಚಿ ಕಾದ ಸೈಲೆನ್ಸರಿಗೆ ಬಡಿದು ಬುಸ್ಸೆಂದು ಹಬೆ. ಆ ಅಳತೆಯ ಸೀಲು ಹುಡುಕಿಕೊಂಡು ಮೈಸೂರಿಗೆ ಹೋಗಿ ಬರೋಷ್ಟರಲ್ಲಿ ಎರಡು ದಿನ ಗದ್ದೆ ಒಣಗಿತು. ಹೊಸದನ್ನು ಮಳೆಗಾಲದ ಮರಳು ನೀರು ಒಂದೇ ಬೆಳೆಗೆ ತಿಂದುಹಾಕಿತು, ಕಾರ್ಬನ್ ಮುಖದ ತುಂಬ ಗ್ರಾಮಫೋನ್ ತಟ್ಟೆಯ ಗೀರು. ದಾರವೂ ಮರಳಿಗೆ ಸವೆಯುತ್ತೆ, ಇಲ್ಲ ಅನ್ನಲ್ಲ. ಆದರೆ ದಾರ ಕೆಡುವ ಮುಂಚೆ ಜಾಸ್ತಿ ತೊಟ್ಟಿಕ್ಕಿ ಹೇಳಿ ಕೆಡುತ್ತೆ. ಸೀಲು ಹೇಳದೆ ಕೈಕೊಡುತ್ತೆ. ಮನೆ ಸಂಪಿನ ಕರೆಂಟ್ ಮೋಟರಿಗೆ ಸೀಲೇ ಸರಿ, ತಿಳಿನೀರು, ಮರಳಿಲ್ಲ. ಹೊಳೆಗೆ ನನ್ನ ಓಟು ದಾರಕ್ಕೆ.

ತಂಪು ಮಾಡುವ ವಿಷಯದಲ್ಲಿ ಮಾತ್ರ ನಾನೇ ಸೋತೆ. ನನ್ನದರಲ್ಲಿ ಪಂಪಿನಿಂದಲೇ ಸಣ್ಣ ಪೈಪು ಇಂಜಿನ್ನಿಗೆ ಹೋಗಿ, ನೀರು ಸುತ್ತಿ ಆಚೆ ಬೀಳುತ್ತೆ. ಸುಲಭ. ಆದರೆ ದಿನಾ ಹೊಸ ನೀರು, ಹೊಸ ಗಾಳಿ, ಹೊಸ ಹೂಳು: ಒಳಗೋಡೆ ತುಕ್ಕು ಹಿಡಿಯೋಕೆ ಇನ್ನೇನು ಬೇಕು? ಜೊತೆಗೆ ಇಂಜಿನ್ನು ಅತಿಯಾಗಿ ತಣ್ಣಗಾಗಿ ಡೀಸೆಲ್ ಸರಿಯಾಗಿ ಉರಿಯಲ್ಲ. ಆಚೆ ಬೀಳುವ ನೀರು ಕೈಗೆ ಚೆನ್ನಾಗಿ ಬಿಸಿ ತಾಗುವಷ್ಟಕ್ಕೆ ನಲ್ಲಿ ತಿರುವಿ ಇಡೋದನ್ನು ತಡವಾಗಿ ಕಲಿತೆ. ಅಣ್ಣ 200 ಲೀಟರಿನ ಡ್ರಮ್ ಎತ್ತರದಲ್ಲಿಟ್ಟಿದ್ದಾನೆ. ಬಿಸಿನೀರು ತಾನೇ ಮೇಲೇರಿ ತಣ್ಣೀರು ಕೆಳಗಿಳಿಯುತ್ತೆ. ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಲೇತಿನವರು ಬಳಸುವ, ನೀರಿಗೆ ಹಾಕಿದರೆ ಹಾಲಾಗುವ ಕಟಿಂಗ್ ಆಯಿಲ್ ಸ್ವಲ್ಪ ಬೆರೆಸಿದ. ಕಳೆದ ಬೇಸಿಗೆ ಎರಡು ಇಂಜಿನ್ನಿನದೂ ನೀರು ಬಸಿಯುವ ಕೆಳಗಿನ ಪ್ಲಗ್ ಬಿಚ್ಚಿದೆವು. ಅವನದರಿಂದ ಬಂದದ್ದು ತೆಳು ಮಜ್ಜಿಗೆ. ನನ್ನದರಿಂದ ಕಡು ಟೀ, ತಳದಲ್ಲಿ ಎರಡು ಹಿಡಿ ಕೆಸರು.

ತುಕ್ಕು ತಡೆಯೋಕೆ ಇನ್ನೊಂದು ಸಾಹಸವೂ ಮಾಡಿದ್ದೆ. ನಮ್ಮೂರಿನ ಹುಡುಗನೊಬ್ಬ ಮಲ್ಪೆಯಲ್ಲಿ ಬೋಟ್ ಇಂಜಿನ್ ಮೆಕ್ಯಾನಿಕ್ಕು. ಅಲ್ಲೂ ಪ್ರೊಪೆಲ್ಲರ್ ಶಾಫ್ಟಿಗೆ ಇದೇ ದಾರ, ತೊಟ್ಟು ಮಾತ್ರ ಬೋಟಿನ ಒಳಗೆ ಬೀಳುತ್ತೆ. ಬೋಟಿಗೆ ಸತುವಿನ ಗಟ್ಟಿ ಕಟ್ಟಿದರೆ ತುಕ್ಕು ಕಬ್ಬಿಣ ಬಿಟ್ಟು ಸತುವನ್ನೇ ತಿನ್ನುತ್ತೆ ಅಂತ ಹೇಳಿ ಒಂದು ತುಂಡನ್ನೂ ಕೊಟ್ಟ. ಪಂಪಿಗೆ ನೀರೆಳೆಯುವ ಕಬ್ಬಿಣದ ಸಕ್ಷನ್ ಪೈಪಿಗೆ ಬಿಗಿದು ಒಂದು ವರ್ಷ ಹೊಳೆಯಲ್ಲಿಟ್ಟೆ. ಬಿಳೀ ಪೊರೆ ಕಟ್ಟಿದ್ದು ಬಿಟ್ಟರೆ ಅದು ಕರಗಲೂ ಇಲ್ಲ, ಪೈಪಿನ ತುಕ್ಕು ನಿಲ್ಲಲೂ ಇಲ್ಲ. ಫೋನ್ ಮಾಡಿ ಕೇಳಿದರೆ, "ಅಯ್ಯೋ ಮಾವ, ಅದು ಉಪ್ಪುನೀರಿಗೆ! ಸಿಹಿನೀರಿಗಾದ್ರೆ ಮೆಗ್ನೀಷಿಯಂ ಬೇಕು" ಅಂತ ನಕ್ಕ. ಪೈಪಿಗೆ ರೆಡ್ ಆಕ್ಸೈಡ್ ಬಣ್ಣ ಹೊಡೆದೆ, ಬೋಲ್ಟುಗಳಿಗೆ ಗ್ರೀಸ್. ಸುಟ್ಟ ಆಯಿಲ್ ಬಳಿಯೋದನ್ನು ಬಿಟ್ಟೆ, ಧೂಳು ಕೂತು ಸೋರುವ ಜಾಗವೇ ಕಾಣಲ್ಲ.

ಈ ಸಲ ನಾಟಿಗೆ ಮುಂಚೆ ಅಣ್ಣ ಸೀಲು ಕಿತ್ತು ದಾರ ಹಾಕಿಸಿದ. ಮೊದಲ ದಿನ ಕುಕ್ಕರಗಾಲಲ್ಲಿ ಕೂತು, "ಇಪ್ಪತ್ತೆಂಟು... ಇನ್ನೂ ಚೂರು ಬುಡ್ಲಾ?" ಅಂತ ತೊಟ್ಟು ಎಣಿಸುತ್ತಿದ್ದ. ನಾನು ಅವನ ಹಾಗೆ ಡ್ರಮ್ಮಿಡೋಣ ಅಂತ ಗುಜರಿಯಲ್ಲಿ ಹೇಳಿಟ್ಟು ತಿಂಗಳಾಯ್ತು, ತೂತಿಲ್ಲದ್ದು ಇನ್ನೂ ಸಿಕ್ಕಿಲ್ಲ.